ತೋಟದಲ್ಲಿ ತೇವಮಾಪಕವನ್ನು ಎಲ್ಲಿ ನೆಡಬೇಕು?

ಚಿತ್ರದುರ್ಗ ಜಿಲ್ಲೆಯು ಮಳೆಯ ಆಸರೆ ಕಡಿಮೆಯಿರುವ ಮಧ್ಯ ಒಣ ವಲಯಕ್ಕೆ ಸೇರಿದೆ. ಹಿರಿಯೂರು ತಾಲ್ಲೂಕಿನಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂದರೆ 89 ವರ್ಷಗಳ ನಂತರ. ಇಂತಹ ಪ್ರದೇಶದಲ್ಲಿ ಹೊಳಲ್ಕೆರೆ, ಚಿತ್ರದುರ್ಗದ ಅಡಿಕೆ, ಹೊಸದುರ್ಗದ ತೆಂಗು, ಹಿರಿಯೂರಿನ ದಾಳಿಂಬೆ ತೋಟಗಳು ಬಹುಮಟ್ಟಿಗೆ ಕೊಳವೆ ಬಾವಿಯನ್ನೇ ನಂಬಿವೆ. ಹನಿ ನೀರಾವರಿ ಅಳವಡಿಸಿದ ಮಾತ್ರಕ್ಕೆ ನೀರು ಉಳಿಯುವುದಿಲ್ಲ. ಯಾವಾಗ, ಎಷ್ಟು ಹೊತ್ತು ಬಿಡಬೇಕೆಂಬುದು ತಿಳಿದಿರಬೇಕು. ಇದನ್ನು ತಿಳಿಸುವ ಸರಳ ಉಪಕರಣವೇ ಟೆನ್ಸಿಯೋಮೀಟರ್ ಎಂಬ ತೇವಮಾಪಕ. ಆದರೆ ನೆಟ್ಟ ಜಾಗ ತಪ್ಪಾದರೆ ಒಳ್ಳೆಯ ಮಾಪಕವೂ ತಪ್ಪು ಲೆಕ್ಕ ಹೇಳುತ್ತದೆ.

ಮಾಪಕದ ಕೆಲಸ

ಇದು ನೀರು ತುಂಬಿದ ಒಂದು ಕೊಳವೆ. ಕೆಳತುದಿಯಲ್ಲಿ ಸೂಕ್ಷ್ಮ ರಂಧ್ರಗಳುಳ್ಳ ಪಿಂಗಾಣಿ ಬಟ್ಟಲು, ಮೇಲೆ ಒಂದು ಗಡಿಯಾರದಂತಹ ಮಾಪಕ ಇರುತ್ತವೆ. ಹೊಸ ಮಡಕೆಯಿಂದ ನೀರು ಜಿನುಗುವಂತೆ, ಮಣ್ಣು ಒಣಗಿದಾಗ ಬಟ್ಟಲಿನ ಮೂಲಕ ನೀರನ್ನು ಹೊರಕ್ಕೆ ಸೆಳೆಯುತ್ತದೆ. ಆ ಸೆಳೆತವನ್ನು ಮುಳ್ಳು ಸೆಂಟಿಬಾರ್‌ಗಳಲ್ಲಿ ತೋರಿಸುತ್ತದೆ. ಸೆಳೆತ ಹೆಚ್ಚಿದಷ್ಟೂ ಬೇರಿಗೆ ನೀರು ಹೀರುವುದು ಕಷ್ಟ.

ಎಂಜಿನ್ನಿನ ಉದಾಹರಣೆ

ಎಂಜಿನ್ನಿಗೆ ಇಂಧನ ಹೊಂದಿಸುವ ಮೆಕ್ಯಾನಿಕ್‌ಗಳಿಗೆ ಜಾಗದ ಮಹತ್ವ ಚೆನ್ನಾಗಿ ಗೊತ್ತು. ಅವರು ಹೊಗೆ ಕೊಳವೆಯಲ್ಲಿ ವೈಡ್‌ಬ್ಯಾಂಡ್ ಎಂಬ ಆಮ್ಲಜನಕ ಸಂವೇದಕವನ್ನು ಕೂರಿಸುತ್ತಾರೆ. ಪೆಟ್ರೋಲಿಗೆ ಎಷ್ಟು ಪಟ್ಟು ಗಾಳಿ ಸೇರಿತ್ತೆಂಬುದನ್ನು ಅದು ಹೇಳುತ್ತದೆ. ಪೂರ್ಣ ಉರಿಯಲು ತೂಕದಲ್ಲಿ ಸುಮಾರು 14.7 ಪಟ್ಟು ಗಾಳಿ ಬೇಕು. ಸಂವೇದಕವು ಎಂಜಿನ್ನಿಗೆ ತೀರ ಹತ್ತಿರವಿದ್ದರೆ ಶಾಖಕ್ಕೆ ಕೆಡುತ್ತದೆ. ಒಂದೇ ಸಿಲಿಂಡರಿನ ಕೊಳವೆಯಲ್ಲಿದ್ದರೆ ಉಳಿದವುಗಳ ಸ್ಥಿತಿ ತಿಳಿಯದು. ಕೊಳವೆಯ ತುದಿಯಲ್ಲಿದ್ದರೆ ಹೊರಗಾಳಿ ಬೆರೆತು, ಇಂಧನ ಸಾಲದೆಂದು ತಪ್ಪಾಗಿ ತೋರಿಸುತ್ತದೆ. ತಳಭಾಗದಲ್ಲಿದ್ದರೆ ಹೊಗೆಯ ಆವಿ ನೀರಾಗಿ ಇಳಿದು ಅದನ್ನು ಹಾಳುಮಾಡುತ್ತದೆ. ಆದುದರಿಂದ ಎಲ್ಲ ಸಿಲಿಂಡರುಗಳ ಹೊಗೆ ಕೂಡಿದ ನಂತರ, ಹೊಗೆ ಶುದ್ಧಿ ಮಾಡುವ ಭಾಗಕ್ಕಿಂತ ಮೊದಲು, ಕೊಳವೆಯ ಮೇಲ್ಭಾಗದಲ್ಲಿ ಓರೆಯಾಗಿ ಕೂರಿಸುತ್ತಾರೆ. ತೋಟದ ಮಾಪಕಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

ಜಾಗದ ಆಯ್ಕೆ

1. ಮರ: ತೋಟದ ಬಹುಪಾಲು ಮರಗಳನ್ನು ಹೋಲುವ, ರೋಗವಿಲ್ಲದ ಮರವನ್ನು ಆರಿಸಬೇಕು. ಬದುವಿನ ಪಕ್ಕದ, ತಗ್ಗಿನಲ್ಲಿರುವ ಅಥವಾ ಸಾಲಿನ ತುದಿಯ ಮರ ಬೇಡ. ಕೆಂಪು ಮಣ್ಣು ಮತ್ತು ಎರೆ ಎರಡೂ ಇರುವ ತೋಟದಲ್ಲಿ ಪ್ರತಿಯೊಂದಕ್ಕೂ ಬೇರೆ ಜಾಗ ಬೇಕು.

2. ದೂರ: ಡ್ರಿಪ್ಪರಿನ ಕೆಳಗೇ ನೆಟ್ಟರೆ ಮಾಪಕ ಸದಾ ತೇವ ತೋರಿಸುತ್ತದೆ, ಮರ ಬಾಯಾರಿದ್ದರೂ ತಿಳಿಯದು. ತೇವದ ಅಂಚಿನಾಚೆ ನೆಟ್ಟರೆ ಸದಾ ಒಣ ತೋರಿಸಿ ನೀರು ಪೋಲಾಗುತ್ತದೆ. ನೀರು ಬಿಟ್ಟ ಮರುದಿನ ಡ್ರಿಪ್ಪರಿನ ಪಕ್ಕದಲ್ಲಿ ಗುದ್ದಲಿಯಿಂದ ಅಗೆದು, ತೇವ ಎಷ್ಟು ಅಗಲ ಹರಡಿದೆಯೆಂದು ನೋಡಿರಿ. ಡ್ರಿಪ್ಪರಿಗೂ ತೇವದ ಅಂಚಿಗೂ ನಡುವಿನ ಜಾಗವೇ ಸರಿಯಾದದ್ದು. ಕೆಂಪು ಮರಳು ಮಣ್ಣಿನಲ್ಲಿ ತೇವ ಕಿರಿದಾಗಿ ಆಳಕ್ಕಿಳಿಯುತ್ತದೆ, ಎರೆಯಲ್ಲಿ ಅಗಲವಾಗಿ ಹರಡುತ್ತದೆ. ಆದುದರಿಂದ ಒಂದು ತೋಟದ ಅಳತೆ ಇನ್ನೊಂದಕ್ಕೆ ಹೊಂದದು.

3. ಆಳ: ಅಡಿಕೆಯ ಹೆಚ್ಚಿನ ಬೇರುಗಳು ಬುಡದಿಂದ ಒಂದು ಮೀಟರ್ ದೂರದೊಳಗೆ, 60 ಸೆಂ.ಮೀ. ಆಳದೊಳಗೆ ಇರುತ್ತವೆ. ಆದುದರಿಂದ ಒಂದೇ ಜಾಗದಲ್ಲಿ 30 ಸೆಂ.ಮೀ.ಗೆ ಒಂದು, 60 ಸೆಂ.ಮೀ.ಗೆ ಒಂದು, ಹೀಗೆ ಎರಡು ಮಾಪಕ ಬೇಕು. ದಾಳಿಂಬೆಗೂ ಇದೇ ಸಾಕು. ತೆಂಗಿಗೆ ಎರಡನ್ನೂ ಸ್ವಲ್ಪ ಹೆಚ್ಚು ಆಳಕ್ಕೆ ಇಳಿಸಬೇಕು.

ನೆಡುವ ಕ್ರಮ

ಬಟ್ಟಲನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಕುದಿಸಿ ಆರಿಸಿದ ನೀರನ್ನು ಗುಳ್ಳೆ ಉಳಿಯದಂತೆ ಕೊಳವೆಗೆ ತುಂಬಬೇಕು. ಮಾಪಕದಷ್ಟೇ ದಪ್ಪದ ರಂಧ್ರ ಕೊರೆದು, ಅದೇ ಮಣ್ಣನ್ನು ಕೆಸರಾಗಿ ಕಲಸಿ ತಳಕ್ಕೆ ಸುರಿದು, ಬಟ್ಟಲನ್ನು ಒತ್ತಿ ಕೂರಿಸಬೇಕು. ಬಟ್ಟಲು ಮತ್ತು ಮಣ್ಣಿನ ನಡುವೆ ಗಾಳಿ ಉಳಿದರೆ ಮುಳ್ಳು ಮಿಸುಕುವುದಿಲ್ಲ. ಮೇಲಿನ ಮಣ್ಣನ್ನು ದಿಣ್ಣೆ ಮಾಡಿ ಮೆಟ್ಟಿದರೆ ಮಳೆ ನೀರು ಕೊಳವೆಯ ಗುಂಟ ಇಳಿಯುವುದಿಲ್ಲ. ಹಿರಿಯೂರು ಭಾಗದ ಎರೆಯಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟರೆ ಬಟ್ಟಲಿನ ಸಂಪರ್ಕ ತಪ್ಪುತ್ತದೆ. ಅಂತಹ ಕಡೆ ಮಣ್ಣು ಬಿರಿಯಲು ಬಿಡಬಾರದು.

ಓದುವ ಕ್ರಮ

ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆದಿಡಬೇಕು. ಮುಳ್ಳು 10ಕ್ಕಿಂತ ಕೆಳಗಿದ್ದರೆ ಮಣ್ಣು ನೀರಿನಿಂದ ತುಂಬಿದೆ ಎಂದರ್ಥ. ಕೆಂಪು ಮರಳು ಮಿಶ್ರಿತ ಗೋಡು ಮಣ್ಣಿನಲ್ಲಿ ಮೇಲಿನ ಮಾಪಕ 20ರಿಂದ 30 ತಲುಪಿದಾಗ, ಎರೆಯಲ್ಲಿ 40ರಿಂದ 50 ತಲುಪಿದಾಗ ನೀರು ಬಿಡಬಹುದು. ಆಳದ ಮಾಪಕ ಸದಾ 10ರೊಳಗೇ ಇದ್ದರೆ ನೀರು ಬೇರಿಗೆ ಸಿಗದೆ ಕೆಳಗೆ ಬಸಿದು ಹೋಗುತ್ತಿದೆ; ಬಿಡುವ ಹೊತ್ತನ್ನು ಕಡಿಮೆ ಮಾಡಿರಿ. ಅದು ದಿನೇ ದಿನೇ ಏರುತ್ತಿದ್ದರೆ ಆಳದ ಬೇರಿಗೆ ನೀರು ತಲುಪುತ್ತಿಲ್ಲ. ದಾಳಿಂಬೆಯಲ್ಲಿ ಕಾಯಿ ಬಲಿಯುವ ಕಾಲದಲ್ಲಿ ಮುಳ್ಳು ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ ಹಣ್ಣು ಸೀಳುವ ಸಂಭವ ಹೆಚ್ಚು. ಸಮನಾದ ತೇವವೇ ಅದಕ್ಕೆ ಪರಿಹಾರ.

ಮುಳ್ಳು 80ರ ಸುಮಾರಿಗೆ ಏರಿ, ನೀರು ಬಿಡದಿದ್ದರೂ ಒಮ್ಮೆಲೇ ಸೊನ್ನೆಗೆ ಬಿದ್ದರೆ ಮಣ್ಣು ತೇವವಾಯಿತೆಂದು ತಿಳಿಯಬಾರದು. ಕೊಳವೆಯೊಳಗೆ ಗಾಳಿ ಹೊಕ್ಕಿದೆ. ಮತ್ತೆ ನೀರು ತುಂಬಬೇಕು.

ರೈತ ಬಾಂಧವರು ಮಾಪಕ ಕೊಳ್ಳುವ ಮೊದಲು ಗುದ್ದಲಿ ಹಿಡಿದು ತಮ್ಮ ತೋಟದ ತೇವದ ಅಗಲ, ಬೇರಿನ ಆಳ ನೋಡಿಕೊಳ್ಳಬೇಕು. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಬಗ್ಗೆ ಸಲಹೆ ಕೇಳಬಹುದು. ಕೊಳವೆ ಬಾವಿಯಲ್ಲಿ ಇಂದು ಉಳಿದ ನೀರೇ ಬರುವ ಬೇಸಿಗೆಯಲ್ಲಿ ಮರವನ್ನು ಉಳಿಸುವ ನೀರು.