ದೋಣಿ ಮಗುಚೋದು ತೂತಿನಿಂದಲ್ಲ: ಸಣ್ಣ ದೋಣಿ ಇಟ್ಟುಕೊಂಡವರು ತಿಳಿದಿರಬೇಕಾದ ಲೆಕ್ಕ

ಹೊನ್ನಾವರ: ಮಳೆ ನಿಂತು ಶರಾವತಿ ತಿಳಿಯಾಗುವ ಹೊತ್ತಿಗೆ ಹೊಳೆ ದಂಡೆಯ ಊರುಗಳಲ್ಲಿ ಕವುಚಿ ಹಾಕಿದ್ದ ದೋಣಿಗಳು ಮತ್ತೆ ನೀರಿಗೆ ಇಳಿಯುತ್ತವೆ. ಮೊದಲು ಪಾತಿ ದೋಣಿ ಅಂದ್ರೆ ಮೀನು, ಚಿಪ್ಪಿ, ಆಚೆ ದಡದ ತೋಟ ಅಷ್ಟೇ. ಈಗ ರಜೆಗೆ ಬಂದ ನೆಂಟರನ್ನು, ಮನೆ ಮಕ್ಕಳನ್ನು ಕಾಂಡ್ಲಾ ವನದ ಕಡೆ ಒಂದು ಸುತ್ತು ಕರ್ಕೊಂಡು ಹೋಗೋಕೆ ಅಂತಲೇ ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ತಗೊಳ್ಳೋರು ಇದ್ದಾರೆ. ಅಂಥವರು ಮೊದಲು ಕೇಳುವುದು "ಸೋರುತ್ತಾ?" ಅಂತ. ಆದರೆ ಜೀವ ಹೋಗೋದು ಹೆಚ್ಚಾಗಿ ಸೋರಿದ್ದಕ್ಕಲ್ಲ. ಭಾರ ಹೆಚ್ಚಾಗಿ, ಆ ಭಾರ ಒಂದೇ ಬದಿಗೆ ವಾಲಿದಾಗ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡದ್ದು ನಮ್ಮ ಜಿಲ್ಲೆಯ ಯಾರೂ ಮರೆತಿಲ್ಲ. ಆ ದೋಣಿಯಲ್ಲೂ ಮಿತಿಗಿಂತ ಹೆಚ್ಚು ಜನ ಇದ್ದರು.

ಎಷ್ಟು ಜನ ಹತ್ತಬಹುದು?

ಲೆಕ್ಕ ಸುಲಭ. 4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ದೋಣಿಗೆ 65 ಕೆ.ಜಿ. ತೂಕದ ಒಬ್ಬರು ಹತ್ತಿದರೆ ಅದು ಸುಮಾರು ಒಂದೂವರೆ ಸೆಂಟಿಮೀಟರ್ ತಗ್ಗುತ್ತದೆ. ಆರು ಜನ ಅಂದ್ರೆ ಹತ್ತಿರ ಹತ್ತಿರ 9 ಸೆಂ.ಮೀ. ಇಷ್ಟೇ ತಾನೆ ಅನ್ನಿಸಬಹುದು. ಆದರೆ ನೀರಿನ ಮಟ್ಟದಿಂದ ದೋಣಿಯ ಅಂಚಿನವರೆಗೆ ಉಳಿಯುವ ಎತ್ತರವೇ ನಿಮ್ಮ ರಕ್ಷಣೆ. ಅದು ಗೇಣಿಗಿಂತ ಕಡಿಮೆ ಆದರೆ ಪಕ್ಕದಲ್ಲಿ ಹೋದ ದೊಡ್ಡ ಬೋಟಿನ ಅಲೆಯೇ ಸಾಕು, ನೀರು ಒಳಗೆ ಬರುತ್ತದೆ.

ಒಳಗೆ ಬಂದ ನೀರು ಇನ್ನೂ ಅಪಾಯ. 3 ಚದರ ಮೀಟರ್ ತಳದಲ್ಲಿ 5 ಸೆಂ.ಮೀ. ನೀರು ನಿಂತರೆ ಅದರ ತೂಕ 150 ಕೆ.ಜಿ. ಅಂದರೆ ಟಿಕೆಟ್ ಇಲ್ಲದ ಇಬ್ಬರು ದೊಡ್ಡವರು! ಮನುಷ್ಯರಿಗಾದರೆ ಕೂತಲ್ಲೇ ಕೂರಿ ಅನ್ನಬಹುದು. ನೀರು ಕೇಳುತ್ತಾ? ದೋಣಿ ಯಾವ ಕಡೆ ವಾಲಿತೋ ಅದೂ ಅದೇ ಕಡೆ ಓಡಿ ಇನ್ನಷ್ಟು ವಾಲಿಸುತ್ತದೆ. ಅದಕ್ಕೇ ನೀರು ಎತ್ತಿ ಹಾಕುವ ಬಕೆಟ್ ಒಂದನ್ನು ಹಗ್ಗ ಕಟ್ಟಿ ದೋಣಿಯಲ್ಲೇ ಇಡಿ. ಸೆಲ್ಫಿಗೆ ಅಂತ ಎಲ್ಲರೂ ಎದ್ದು ಒಂದೇ ಬದಿಗೆ ಬರುವುದನ್ನು ಮಾತ್ರ ಬಿಡಲೇಬೇಡಿ.

ಹಳೆ ದೋಣಿ ತಗೊಳ್ಳುವಾಗ

ಹಲಸಿನಕಾಯಿ ತಟ್ಟಿ ನೋಡಿದ ಹಾಗೆ ಸಣ್ಣ ಸುತ್ತಿಗೆಯ ಹಿಡಿಯಿಂದ ದೋಣಿಯನ್ನು ಎಲ್ಲ ಕಡೆ ತಟ್ಟಿ. ಟಣ್ ಅಂದರೆ ಗಟ್ಟಿ. ಧಬ್ ಅಂದರೆ ಪದರ ಬಿಟ್ಟಿದೆ, ಇಲ್ಲವೇ ಒಳಗಿನ ಮರ ಕೊಳೆತಿದೆ. ಎಂಜಿನ್ ಕೂರಿಸುವ ಹಿಂದಿನ ಹಲಗೆಯನ್ನು ವಿಶೇಷವಾಗಿ ನೋಡಿ. ಎಷ್ಟೋ ದೋಣಿಗಳಲ್ಲಿ ಅಲ್ಲಿ ಫೈಬರ್ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದರೆ ಹೊರಗೆ ಏನೂ ಕಾಣದೆ ಒಳಗೇ ಹಾಳಾಗುತ್ತದೆ.

ಫೈಬರ್ ರಿಪೇರಿ ಹೇಗೆ?

ಬಿರುಕಿನ ಮೇಲೆ ಎಂ-ಸೀಲ್ ಮೆತ್ತಿದರೆ ದಡ ಸೇರುವವರೆಗೆ ಸಾಕು, ಸೀಸನ್ನಿಗೆ ಸಾಲದು. ಸರಿಯಾಗಿ ಮಾಡಬೇಕೆಂದರೆ ಬಿರುಕಿನ ಸುತ್ತ ಇಳಿಜಾರಾಗಿ ಉಜ್ಜಬೇಕು. ದೋಣಿಯ ದಪ್ಪದ 12 ಪಟ್ಟು ಅಗಲಕ್ಕೆ, ಅಂದರೆ 5 ಮಿ.ಮೀ. ದಪ್ಪಕ್ಕೆ ಸುತ್ತಲೂ 6 ಸೆಂ.ಮೀ. ಆಮೇಲೆ ಸಿಹಿ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅಸಿಟೋನ್‌ನಲ್ಲಿ ಒರೆಸಿ, ಮ್ಯಾಟ್ ಮತ್ತು ರೆಸಿನ್ ಪದರ ಪದರವಾಗಿ ಹಾಕಬೇಕು. ಗಾಳಿಗುಳ್ಳೆ ಉಳಿಯದ ಹಾಗೆ ರೋಲರ್ ಒತ್ತಬೇಕು. ತೇವ ಇದ್ದರೆ ಹಿಡಿಯುವುದಿಲ್ಲ, ಹಾಗಾಗಿ ಮಳೆ ದಿನ ಈ ಕೆಲಸ ಬೇಡ.

ಇಲ್ಲೊಂದು ಎಚ್ಚರಿಕೆ. ರೆಸಿನ್ ಜೊತೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ: ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್, ನೀರಿನ ಹಾಗಿರುವ ಹಾರ್ಡನರ್. ಇವೆರಡನ್ನು ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತಬಹುದು, ಸ್ಫೋಟವೂ ಆಗಬಹುದು. ಮೊದಲು ಆಕ್ಸಿಲರೇಟರ್ ಅನ್ನು ರೆಸಿನ್‌ಗೆ ಚೆನ್ನಾಗಿ ಕಲಸಿ. ಹಚ್ಚುವ ಹೊತ್ತಿಗೆ ಮಾತ್ರ ಹಾರ್ಡನರ್ ಹಾಕಿ, 1 ಕೆ.ಜಿ. ರೆಸಿನ್‌ಗೆ 10ರಿಂದ 20 ಮಿ.ಲೀ. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಗ್ಲೌಸ್ ಹಾಕಿಯೇ ಮುಟ್ಟಿ. ಅಂಗಡಿಯವರಲ್ಲೂ ಒಂದು ವಿನಂತಿ: ಈ ಎರಡು ಬಾಟಲಿಗಳನ್ನು ಒಂದೇ ಚೀಲಕ್ಕೆ ಹಾಕಿ ಕೊಡಬೇಡಿ.

ಎಂಜಿನ್ ಮತ್ತು ಜಾಕೆಟ್

ಉಪ್ಪು ನೀರಲ್ಲಿ ಓಡಿಸಿದ ಔಟ್‌ಬೋರ್ಡ್ ಎಂಜಿನ್ನನ್ನು ಮನೆಗೆ ತಂದ ಮೇಲೆ ಹತ್ತು ನಿಮಿಷ ಸಿಹಿ ನೀರಲ್ಲಿ ಓಡಿಸಿ, ಒಳಗಿನ ಉಪ್ಪು ತೊಳೆದು ಹೋಗುತ್ತದೆ. ಚಾಲೂ ಇರುವಾಗ ಪಕ್ಕದಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿರಬೇಕು. ನಿಂತರೆ ತಕ್ಷಣ ಎಂಜಿನ್ ಆಫ್ ಮಾಡಿ. ಎಂಜಿನ್ ನಿಲ್ಲಿಸುವ ಕೆಂಪು ಹಗ್ಗವನ್ನು ಓಡಿಸುವವರು ಕೈಗೆ ಕಟ್ಟಿಕೊಳ್ಳಲೇಬೇಕು. ಆಯ ತಪ್ಪಿ ನೀರಿಗೆ ಬಿದ್ದರೆ ಎಂಜಿನ್ ನಿಲ್ಲುತ್ತದೆ, ದೋಣಿ ತಿರುಗಿ ಬಂದು ಬಿದ್ದವರ ಮೇಲೆಯೇ ಹರಿಯುವುದು ತಪ್ಪುತ್ತದೆ.

ಲೈಫ್ ಜಾಕೆಟ್ ಮೇಲೆ 50 ಅಥವಾ 100 ನ್ಯೂಟನ್ ಅಂತ ಬರೆದಿರುತ್ತದೆ. 50ರದ್ದು ಈಜು ಬಲ್ಲವರಿಗೆ, ದಡದ ಹತ್ತಿರಕ್ಕೆ ಮಾತ್ರ. ಈಜು ಬಾರದವರಿಗೆ 100ರದ್ದೇ ಬೇಕು. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿದರೆ ನೀರಲ್ಲಿ ಜಾಕೆಟ್ ಮೇಲೆ ಬರುತ್ತದೆ, ಮಗು ಕೆಳಗೆ ಜಾರುತ್ತದೆ. ಸೀಟಿನ ಕೆಳಗೆ ಮಡಚಿಟ್ಟ ಜಾಕೆಟ್ ಇದ್ದೂ ಇಲ್ಲದ ಹಾಗೆ.

ಅಳಿವೆ, ಇಳಿತ, ಡ್ಯಾಂ ನೀರು

ಇಳಿತದ ನೀರು ಸಮುದ್ರಕ್ಕೆ ಹರಿಯುವಾಗ ಎದುರಿನಿಂದ ಅಲೆ ಬಂದರೆ ಅಳಿವೆಯಲ್ಲಿ ಅಲೆ ಎತ್ತರವಾಗಿ ಮುರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಈ ಸೆಳೆತ ಇನ್ನೂ ಜೋರು. ಸಣ್ಣ ದೋಣಿಗೆ ಅಳಿವೆ ಸಹವಾಸವೇ ಬೇಡ. ಗೇರುಸೊಪ್ಪ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆಯ ಮಟ್ಟವೂ ಸೆಳೆತವೂ ಬದಲಾಗುತ್ತದೆ. ನೀರು ಬಿಡುವ ಸೂಚನೆ ಇದ್ದ ದಿನ ದೋಣಿ ಕಟ್ಟಿಯೇ ಇಡಿ.

ಕಾಗದ ಪತ್ರ

1917ರ ಹಳೆ ಕಾಯ್ದೆಯ ಜಾಗಕ್ಕೆ ಈಗ 2021ರ ಒಳನಾಡು ಹಡಗು ಕಾಯ್ದೆ ಬಂದಿದೆ. ಎಂಜಿನ್ ಇರುವ ದೋಣಿಗೆ ಸರ್ವೆ ಮತ್ತು ನೋಂದಣಿಯನ್ನು ಅದು ಕೇಳುತ್ತದೆ. ನಿಮ್ಮ ದೋಣಿಗೆ ಏನೇನು ಬೇಕು ಅಂತ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಕೊಳ್ಳುವ ಮೊದಲೇ ಕೇಳಿ, ಕೊಂಡ ಮೇಲಲ್ಲ.

ಹೊರಡುವಾಗ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ. ಮೊಬೈಲನ್ನು ನೀರು ಹೋಗದ ಕವರ್‌ನಲ್ಲಿ ಹಾಕಿ. ತುರ್ತಿಗೆ ಈ ನಂಬರುಗಳನ್ನು ಸೇವ್ ಮಾಡಿಕೊಳ್ಳಿ: ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554, ಸಾಮಾನ್ಯ ತುರ್ತು ಸೇವೆ 112.