ತೀರ್ಪಿನೊಳಗಣ ಕೃಪೆ: ಮಾಜಿ ಸೈನಿಕರ ಚಿಕಿತ್ಸಾ ನ್ಯಾಯಾಲಯಗಳೂ ಸಭೆಯ ಪಾಲನಾಸೇವೆಯೂ

ಅಪರಾಧವೊಂದು ನಡೆದಾಗ ನ್ಯಾಯಾಲಯವು ಕೇಳುವ ಮೊದಲ ಪ್ರಶ್ನೆ, ಈತನು ಏನು ಮಾಡಿದನು ಎಂಬುದು. ಸಭಾಪಾಲಕನು ಅದರ ಜೊತೆಗೆ ಮತ್ತೊಂದನ್ನೂ ಕೇಳುತ್ತಾನೆ: ಈತನಿಗೆ ಏನಾಗಿದೆ? ಮೊದಲನೆಯದನ್ನು ಮಾತ್ರ ಕೇಳುವ ನ್ಯಾಯವು ಮನುಷ್ಯನನ್ನು ಅವನ ಒಂದು ಕೃತ್ಯದ ಅಳತೆಗೆ ಇಳಿಸಿಬಿಡುತ್ತದೆ. ಎರಡನೆಯದನ್ನು ಮಾತ್ರ ಕೇಳುವ ಕರುಣೆಯು ಅವನ ಹೊಣೆಯನ್ನೇ ಕಸಿದುಕೊಂಡು, ಅವನನ್ನು ಮನುಷ್ಯನೆಂದು ಗಣಿಸದೆ ಹೋಗುತ್ತದೆ. ಈ ಎರಡು ಪ್ರಶ್ನೆಗಳನ್ನೂ ಒಂದೇ ನ್ಯಾಯಪೀಠದಿಂದ ಕೇಳುವ ಪ್ರಯತ್ನವೊಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಳೆದ ಕೆಲವು ದಶಕಗಳಿಂದ ನಡೆಯುತ್ತಿದೆ. ಅಪರಾಧದ ಆರೋಪಕ್ಕೆ ಗುರಿಯಾದ ಮಾಜಿ ಸೈನಿಕರಿಗಾಗಿ ಅಲ್ಲಿ ಸ್ಥಾಪಿತವಾಗಿರುವ ಚಿಕಿತ್ಸಾ ನ್ಯಾಯಾಲಯಗಳೇ ಆ ಪ್ರಯತ್ನ. ಅವು ಧಾರ್ಮಿಕ ಸಂಸ್ಥೆಗಳಲ್ಲ. ಆದರೂ ಪಶ್ಚಾತ್ತಾಪ, ಹೊಣೆ, ಪುನಃಸ್ಥಾಪನೆ ಎಂಬ ಪದಗಳನ್ನು ಪ್ರತಿದಿನ ಬಳಸುವ ನಾವು ಅವುಗಳ ಕಾರ್ಯವಿಧಾನವನ್ನು ಅರಿಯುವುದು ಪ್ರಯೋಜನಕರ.

ಗಾಯವೂ ಅಪರಾಧವೂ

ಯುದ್ಧದಿಂದ ಮರಳಿದ ಬಹುಪಾಲು ಸೈನಿಕರು ದುಡಿದು, ಕುಟುಂಬವನ್ನು ಪೋಷಿಸಿ, ನೆರೆಹೊರೆಯವರೊಂದಿಗೆ ಸಮಾಧಾನದಿಂದ ಬಾಳುತ್ತಾರೆ. ಮಾಜಿ ಸೈನಿಕನನ್ನು ಅಪಾಯಕಾರಿಯೆಂದು ಕಾಣುವುದು ಅನ್ಯಾಯ. ಆದರೆ ಕೆಲವರೊಂದಿಗೆ ಯುದ್ಧವೂ ಮನೆಗೆ ಬರುತ್ತದೆ. ರಣರಂಗದಲ್ಲಿ ಪ್ರಾಣ ಉಳಿಸಿದ ಅಭ್ಯಾಸಗಳು ಊರಿನಲ್ಲಿ ಕೇಡಿಗೆ ಕಾರಣವಾಗಬಹುದು. ಸದಾ ಎಚ್ಚರವಾಗಿರುವುದು, ಸಣ್ಣ ಸದ್ದಿಗೂ ದೇಹವೆಲ್ಲ ಸೆಟೆದುಕೊಳ್ಳುವುದು, ಯೋಚಿಸುವ ಮೊದಲೇ ಕೈ ಎತ್ತುವುದು ಇಂಥವು. ನಿದ್ರೆ ಬಾರದ ರಾತ್ರಿಗಳನ್ನು ಕಳೆಯಲು ಮದ್ಯ, ನೋವನ್ನು ಅಡಗಿಸಲು ಮಾದಕ ಔಷಧ ಬೇಕೆನಿಸುತ್ತದೆ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ದಾರಿಬದಿಯ ಸ್ಫೋಟಗಳಿಂದ ಮಿದುಳಿಗೆ ಪೆಟ್ಟು ತಿಂದವರಲ್ಲಿ ಕೋಪವನ್ನು ಹಿಡಿತದಲ್ಲಿಡುವ ಶಕ್ತಿಯೇ ಕುಂದಿರಬಹುದು. ಹೀಗೆ ಕುಡಿದು ವಾಹನ ನಡೆಸುವುದು, ಮಾದಕವಸ್ತು ಹೊಂದಿರುವುದು, ಜಗಳ, ಮನೆಯೊಳಗಿನ ಹಿಂಸೆ ಮುಂತಾದ ಆರೋಪಗಳ ಮೇಲೆ ಅವರು ನ್ಯಾಯಾಲಯದ ಕಟಕಟೆಗೆ ಬರುತ್ತಾರೆ.

ಈ ಬೇನೆಗೆ ವೈದ್ಯಶಾಸ್ತ್ರದಲ್ಲಿ ಅಧಿಕೃತ ಹೆಸರು ದೊರೆತದ್ದು ತಡವಾಗಿ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಸಂಕಟವನ್ನು ಕಂಡ ಬಳಿಕವೇ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ಆಘಾತದ ನಂತರದ ಒತ್ತಡದ ಕಾಯಿಲೆಯನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿತು. ಸಂಖ್ಯೆಯ ದೃಷ್ಟಿಯಿಂದಲೂ ಸಮಸ್ಯೆ ಸಣ್ಣದಲ್ಲ. ಅಲ್ಲಿನ ನ್ಯಾಯ ಇಲಾಖೆಯ ಅಂದಾಜಿನಂತೆ 2011-12ರಲ್ಲಿ ದೇಶದ ಸೆರೆಮನೆಗಳಲ್ಲಿದ್ದವರ ಪೈಕಿ ಶೇಕಡ 8ರಷ್ಟು, ಅಂದರೆ ಸುಮಾರು 1,81,500 ಮಂದಿ, ಹಿಂದೆ ಸೈನ್ಯದಲ್ಲಿ ಸೇವೆ ಸಲ್ಲಿಸಿದವರು.

ಬಫಲೊ ನಗರದ ಆರಂಭ

ಚಿಕಿತ್ಸಾ ನ್ಯಾಯಾಲಯದ ಕಲ್ಪನೆ ಹುಟ್ಟಿದ್ದು ಸೈನಿಕರಿಗಾಗಿ ಅಲ್ಲ. 1989ರಲ್ಲಿ ಫ್ಲಾರಿಡಾ ರಾಜ್ಯದ ಮಯಾಮಿಯಲ್ಲಿ ಮಾದಕವ್ಯಸನಿಗಳಿಗಾಗಿ ಇಂಥ ಮೊದಲ ನ್ಯಾಯಾಲಯ ತೆರೆಯಿತು. ವ್ಯಸನಿಯನ್ನು ಸೆರೆಗೆ ಕಳುಹಿಸಿ, ಬಿಡುಗಡೆ ಮಾಡಿ, ಅದೇ ಆರೋಪದ ಮೇಲೆ ಮತ್ತೆ ಹಿಡಿದು ತರುವ ಚಕ್ರದಿಂದ ಬೇಸತ್ತ ನ್ಯಾಯಾಧೀಶರು ಹಿಡಿದ ಹೊಸ ದಾರಿ ಅದು. ಬಳಿಕ ಮಾನಸಿಕ ಅಸ್ವಸ್ಥರಿಗಾಗಿಯೂ ಇಂಥ ನ್ಯಾಯಾಲಯಗಳು ಬಂದವು. 2004ರಲ್ಲಿ ಅಲಾಸ್ಕಾದ ಆಂಕರೇಜ್ ನಗರದಲ್ಲಿ ಮಾಜಿ ಸೈನಿಕರಿಗಾಗಿಯೇ ಪ್ರತ್ಯೇಕ ಕಲಾಪ ಆರಂಭವಾಯಿತು.

ಆದರೆ ದೇಶಕ್ಕೆ ಮಾದರಿಯಾದದ್ದು ನ್ಯೂಯಾರ್ಕ್ ರಾಜ್ಯದ ಬಫಲೊ ನಗರ. ಅಲ್ಲಿನ ನ್ಯಾಯಾಧೀಶ ರಾಬರ್ಟ್ ರಸಲ್ ಅವರು ಆ ಮೊದಲೇ ಮಾದಕವ್ಯಸನ ಮತ್ತು ಮಾನಸಿಕ ಆರೋಗ್ಯಗಳಿಗೆ ಸಂಬಂಧಿಸಿದ ನ್ಯಾಯಾಲಯಗಳನ್ನು ನಡೆಸುತ್ತಿದ್ದರು. ಒಮ್ಮೆ ಅವರ ಮುಂದೆ ವಿಯೆಟ್ನಾಂ ಯುದ್ಧದಲ್ಲಿದ್ದ ಒಬ್ಬರು ಬಂದು ನಿಂತರು. ತಲೆ ತಗ್ಗಿಸಿ, ಯಾವ ಮಾತಿಗೂ ಸ್ಪಂದಿಸದೆ ನಿಂತಿದ್ದ ಅವರೊಂದಿಗೆ ಮಾತಾಡಿ ಬರುವಂತೆ, ಅದೇ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಇಬ್ಬರನ್ನು ನ್ಯಾಯಾಧೀಶರು ಹೊರಗಿನ ಪಡಸಾಲೆಗೆ ಕಳುಹಿಸಿದರು. ಸ್ವಲ್ಪ ಹೊತ್ತಿನ ಬಳಿಕ ಒಳಬಂದ ಆರೋಪಿ ನೆಟ್ಟಗೆ ನಿಂತು, ನ್ಯಾಯಾಧೀಶರ ಕಣ್ಣು ನೋಡಿ, ಇನ್ನು ಮುಂದೆ ಪ್ರಯತ್ನಿಸುವೆನೆಂದರು. ಉಪದೇಶವೂ ಬೆದರಿಕೆಯೂ ಮಾಡಲಾರದ್ದನ್ನು ಅದೇ ದಾರಿ ನಡೆದು ಬಂದವರ ಮಾತು ಮಾಡಿತ್ತು. ಈ ಅನುಭವದಿಂದ ಪ್ರೇರಿತವಾಗಿ 2008ರ ಜನವರಿಯಲ್ಲಿ ಬಫಲೊದ ಮಾಜಿ ಸೈನಿಕರ ಚಿಕಿತ್ಸಾ ನ್ಯಾಯಾಲಯ ಕಾರ್ಯಾರಂಭ ಮಾಡಿತು. ಇಂದು ಅಂಥ ನ್ಯಾಯಾಲಯಗಳು ಅಮೆರಿಕದಾದ್ಯಂತ ನೂರಾರು ಇವೆ. ಅವುಗಳಿಗೆ ನೆರವಾಗುವ ಕಾಯಿದೆಯೊಂದು 2020ರಲ್ಲಿ ಒಕ್ಕೂಟದ ಮಟ್ಟದಲ್ಲಿ ಜಾರಿಗೆ ಬಂತು.

ನ್ಯಾಯಾಲಯ ನಡೆಯುವ ಬಗೆ

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿದ್ದರೂ ಚೌಕಟ್ಟು ಬಹುಮಟ್ಟಿಗೆ ಒಂದೇ. ಬಂಧಿತನು ಸೈನ್ಯದಲ್ಲಿದ್ದವನೇ ಎಂದು ಆರಂಭದಲ್ಲಿಯೇ ವಿಚಾರಿಸುತ್ತಾರೆ. ಆರೋಪದ ಸ್ವರೂಪವನ್ನೂ ರೋಗದ ಲಕ್ಷಣಗಳನ್ನೂ ಪರಿಶೀಲಿಸಿ, ಅರ್ಹನೆಂದು ಕಂಡರೆ ಸಾಮಾನ್ಯ ವಿಚಾರಣೆಯ ಬದಲು ಈ ದಾರಿಯನ್ನು ಅವನ ಮುಂದಿಡುತ್ತಾರೆ. ಒಪ್ಪುವುದೂ ಬಿಡುವುದೂ ಅವನ ಇಚ್ಛೆ. ಅನೇಕ ಕಡೆಗಳಲ್ಲಿ ಅವನು ಮೊದಲು ತಪ್ಪೊಪ್ಪಿಗೆ ಸಲ್ಲಿಸಬೇಕು, ಶಿಕ್ಷೆಯನ್ನು ತಡೆಹಿಡಿಯಲಾಗುತ್ತದೆ.

ಅಲ್ಲಿಂದ ಮುಂದೆ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಅವನು ನ್ಯಾಯಾಲಯದ ನಿಗಾದಲ್ಲಿರುತ್ತಾನೆ. ನ್ಯಾಯಾಧೀಶ, ಸರಕಾರಿ ಅಭಿಯೋಜಕ, ಆರೋಪಿಯ ವಕೀಲ, ಪರಿವೀಕ್ಷಣಾಧಿಕಾರಿ, ಚಿಕಿತ್ಸಕರು ಎಲ್ಲರೂ ಒಂದು ತಂಡವಾಗಿ ಕುಳಿತು ಅವನ ಪ್ರಗತಿಯನ್ನು ಚರ್ಚಿಸುತ್ತಾರೆ. ಸಾಮಾನ್ಯವಾಗಿ ಪರಸ್ಪರ ಎದುರಾಳಿಗಳಾಗಿರುವವರು ಇಲ್ಲಿ ಒಬ್ಬನ ಚೇತರಿಕೆಗಾಗಿ ಜೊತೆಗೂಡುತ್ತಾರೆ. ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯು 2009ರಿಂದ ಇದಕ್ಕೆಂದೇ ಸಿಬ್ಬಂದಿಯನ್ನು ನೇಮಿಸಿದ್ದು, ಅವರು ಆರೋಪಿಯನ್ನು ಇಲಾಖೆಯ ಆಸ್ಪತ್ರೆ, ಆಪ್ತಸಮಾಲೋಚನೆ, ವಸತಿ ಮುಂತಾದ ಸೌಲಭ್ಯಗಳೊಂದಿಗೆ ಬೆಸೆಯುತ್ತಾರೆ.

ಆರೋಪಿಯು ಗೊತ್ತುಪಡಿಸಿದ ದಿನಗಳಂದು ನ್ಯಾಯಾಧೀಶರ ಮುಂದೆ ಬಂದು ತನ್ನ ನಡೆಯ ಲೆಕ್ಕ ಒಪ್ಪಿಸಬೇಕು. ಮದ್ಯ ಮತ್ತು ಮಾದಕವಸ್ತುಗಳ ಪರೀಕ್ಷೆಗೆ ಒಳಪಡಬೇಕು. ಮುನ್ನಡೆದರೆ ಮೆಚ್ಚುಗೆ ಮತ್ತು ಹೆಚ್ಚಿನ ಸ್ವಾತಂತ್ರ್ಯ, ಜಾರಿದರೆ ಎಚ್ಚರಿಕೆ, ಬಿಗಿಯಾದ ನಿಬಂಧನೆ, ಅಗತ್ಯವಾದರೆ ಕೆಲವು ದಿನಗಳ ಸೆರೆವಾಸ. ಒಮ್ಮೆ ಬಿದ್ದವನನ್ನು ತಕ್ಷಣ ಹೊರಹಾಕುವುದಿಲ್ಲ, ಏಕೆಂದರೆ ಚೇತರಿಕೆಯ ಹಾದಿಯಲ್ಲಿ ಬೀಳುವುದುಂಟೆಂದು ಈ ವ್ಯವಸ್ಥೆ ಬಲ್ಲದು. ಆದರೆ ಬಿದ್ದದ್ದನ್ನು ಕಾಣದವರಂತೆ ಇರುವುದೂ ಇಲ್ಲ. ಎಲ್ಲ ಹಂತಗಳನ್ನು ಪೂರೈಸಿದವನ ಆರೋಪವು ರದ್ದಾಗಬಹುದು ಅಥವಾ ಕಡಿಮೆಯಾಗಬಹುದು. ಪೂರೈಸದವನು ಸಾಮಾನ್ಯ ಕಾನೂನಿನ ದಾರಿಗೆ ಮರಳುತ್ತಾನೆ.

ಜೊತೆಗಾರನ ಸೇವೆ

ಮಾದಕವ್ಯಸನದ ನ್ಯಾಯಾಲಯದಿಂದ ಈ ನ್ಯಾಯಾಲಯವನ್ನು ಬೇರ್ಪಡಿಸುವ ಮುಖ್ಯ ಅಂಶವೆಂದರೆ ಸ್ವಯಂಸೇವಕನಾದ ಜೊತೆಗಾರ. ಅವನೂ ಮಾಜಿ ಸೈನಿಕನೇ. ಸಾಧ್ಯವಾದ ಮಟ್ಟಿಗೆ ಅದೇ ಸೇನಾವಿಭಾಗದವನನ್ನು, ಅಂಥದೇ ಯುದ್ಧವನ್ನು ಕಂಡವನನ್ನು, ಮಹಿಳೆಗೆ ಮಹಿಳೆಯನ್ನು ಜೊತೆಗೂಡಿಸುತ್ತಾರೆ. ಅವನು ವಕೀಲನಲ್ಲ, ವೈದ್ಯನಲ್ಲ, ಪೊಲೀಸರ ಕಣ್ಣೂ ಅಲ್ಲ. ಫೋನು ಮಾಡುತ್ತಾನೆ, ಚಿಕಿತ್ಸೆಗೆ ಕರೆದೊಯ್ಯುತ್ತಾನೆ, ನ್ಯಾಯಾಲಯದಲ್ಲಿ ಪಕ್ಕದಲ್ಲಿ ನಿಲ್ಲುತ್ತಾನೆ. ಸೈನ್ಯದಲ್ಲಿ ಯಾರೂ ಒಂಟಿಯಾಗಿ ಹೋರಾಡುವುದಿಲ್ಲ, ಗಾಯಗೊಂಡವನನ್ನು ಬಿಟ್ಟು ಬರುವುದಿಲ್ಲ. ಊರಿಗೆ ಮರಳಿ ಆ ಬಂಧವನ್ನು ಕಳೆದುಕೊಂಡವನಿಗೆ ಅದು ಇಲ್ಲಿ ಮತ್ತೆ ದೊರೆಯುತ್ತದೆ.

ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಪೌಲನು ದೋಷದಲ್ಲಿ ಸಿಕ್ಕಿದವನನ್ನು ಸಾತ್ವಿಕಭಾವದಿಂದ ಸರಿಪಡಿಸುವ ಕುರಿತು ಹೇಳಿ, ಕೂಡಲೇ ಪರಸ್ಪರರ ಭಾರವನ್ನು ಹೊರುವ ಮಾತಿಗೆ ಬರುತ್ತಾನೆ. ಅದೇ ಭಾಗದಲ್ಲಿ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಹೇಳುತ್ತಾನೆ. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಜೊತೆಗಾರನ ಸೇವೆಯಲ್ಲಿ ಅವುಗಳ ಒಮ್ಮತ ಕಾಣುತ್ತದೆ. ತಪ್ಪಿನ ಹೊಣೆ ಮಾಡಿದವನದೇ. ಆದರೆ ಆ ಹೊಣೆಯನ್ನು ಹೊತ್ತು ನಡೆಯುವಾಗ ಅವನು ಒಂಟಿಯಾಗಿರಬೇಕಾಗಿಲ್ಲ.

ಕೃಪೆಯೆಂದರೆ ತೀರ್ಪನ್ನು ಕೈಬಿಡುವುದೇ?

2009ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಪೋರ್ಟರ್ ಮತ್ತು ಮೆಕ್ಕೊಲಮ್ ನಡುವಣ ಮೊಕದ್ದಮೆ ಬಂತು. ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿದ್ದ ಪೋರ್ಟರ್ ಕೊರಿಯಾ ಯುದ್ಧದ ಭೀಕರ ಕಾಳಗಗಳಲ್ಲಿ ಹೋರಾಡಿ ಗಾಯಗೊಂಡಿದ್ದವನು. ಶಿಕ್ಷೆಯನ್ನು ನಿರ್ಧರಿಸುವ ಹಂತದಲ್ಲಿ ಅವನ ವಕೀಲನು ಈ ಸಂಗತಿಯನ್ನು ನ್ಯಾಯದರ್ಶಿಗಳ ಮುಂದೆ ಇಡಲೇ ಇಲ್ಲ. ಅದನ್ನು ಅವರು ಕೇಳಬೇಕಾಗಿತ್ತು ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಅವನು ನಿರಪರಾಧಿಯೆಂದು ಅದು ಹೇಳಲಿಲ್ಲ. ಮನುಷ್ಯನ ಪೂರ್ಣ ಕಥೆಯನ್ನು ಕೇಳದೆ ನೀಡಿದ ತೀರ್ಪು ನ್ಯಾಯವಾದ ತೀರ್ಪಲ್ಲ ಎಂಬುದು ಅಲ್ಲಿಂದ ನಾವು ಗ್ರಹಿಸಬಹುದಾದ ತತ್ವ.

ಕೃಪೆಯನ್ನು ಕುರಿತ ನಮ್ಮ ಬೋಧನೆಯೂ ಇಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ನಾತಾನನು ದಾವೀದನ ಮುಂದೆ ನಿಂತಾಗ ಪಾಪವನ್ನು ಮುಚ್ಚಿಡಲಿಲ್ಲ, ಅರಸನನ್ನು ತೊರೆದೂ ಹೋಗಲಿಲ್ಲ. ಕ್ಷಮೆಯ ವಾಕ್ಯವೂ ಕೃತ್ಯದ ಪರಿಣಾಮವೂ ಒಂದೇ ಬಾಯಿಂದ ಬಂದವು. ಚಿಕಿತ್ಸಾ ನ್ಯಾಯಾಲಯದ ಕರುಣೆ ದೇವರ ಕೃಪೆಯಲ್ಲ. ಅದು ನಿಬಂಧನೆಗಳಿಂದ ಕೂಡಿದ್ದು, ಗಳಿಸಿಕೊಳ್ಳಬೇಕಾದದ್ದು. ದೇವರ ಕೃಪೆಯಾದರೋ ಮುಂದಾಗಿಯೇ ಬರುತ್ತದೆ. ಆದರೂ ಮಾನಸಾಂತರಕ್ಕೆ ಕಾಲ ಬೇಕು, ಶಿಸ್ತು ಬೇಕು, ಲೆಕ್ಕ ಕೇಳುವವರು ಬೇಕು ಎಂಬ ಸತ್ಯವನ್ನು ಈ ನ್ಯಾಯಾಲಯಗಳು ನಮಗಿಂತ ಗಂಭೀರವಾಗಿ ಆಚರಿಸುತ್ತಿವೆ. ಒಂದು ಭಾನುವಾರದ ಪಾಪನಿವೇದನೆಯಿಂದ ವ್ಯಸನಿಯ ಬಾಳು ನೆಟ್ಟಗಾಯಿತೆಂದು ಭಾವಿಸಿ, ಅವನು ಮತ್ತೆ ಬಿದ್ದಾಗ ಕೈಬಿಡುವ ಸಭೆಗಳು ಇದನ್ನು ಗಮನಿಸಬೇಕು.

ಚಿಕಿತ್ಸೆಗೆ ನಿಲುಕದ ಗಾಯ

ವೈದ್ಯರು ಭಯದ ಗಾಯಕ್ಕೆ ಮದ್ದು ಕೊಡಬಲ್ಲರು. ಆದರೆ ಕೆಲವು ಸೈನಿಕರನ್ನು ಕಾಡುವುದು ಭಯವಲ್ಲ, ದೋಷಪ್ರಜ್ಞೆ: ತಾನು ಮಾಡಿದ್ದು, ತಡೆಯದೆ ಹೋದದ್ದು, ಕಣ್ಣಾರೆ ಕಂಡದ್ದು. ಮನೋವೈದ್ಯ ಜೊನಾಥನ್ ಶೇ ಅವರು ವಿಯೆಟ್ನಾಂ ಯುದ್ಧದ ಸೈನಿಕರೊಂದಿಗೆ ಕೆಲಸಮಾಡಿ 1994ರಲ್ಲಿ ಪ್ರಕಟಿಸಿದ ಗ್ರಂಥದ ತರುವಾಯ ಇದನ್ನು ನೈತಿಕ ಗಾಯವೆಂದು ಕರೆಯುವುದು ರೂಢಿಗೆ ಬಂದಿದೆ. ನಿನ್ನ ತಪ್ಪಿಲ್ಲ ಎಂಬ ಸಾಂತ್ವನ ಇಂಥವನಿಗೆ ಸಾಲದು. ತಪ್ಪಿದೆಯೆಂದು ಅವನ ಮನಸ್ಸಾಕ್ಷಿ ನುಡಿಯುತ್ತಿರುವಾಗ ಅದನ್ನು ಕೇಳಿ, ಕ್ಷಮೆಯನ್ನು ಸಾರಬಲ್ಲ ಸಮುದಾಯ ಬೇಕು.

ಹಿಂದಿನ ದೇವಜನರು ಇದನ್ನು ಬಲ್ಲವರಾಗಿದ್ದರು. ಅರಣ್ಯಕಾಂಡದ 31ನೆಯ ಅಧ್ಯಾಯದಲ್ಲಿ, ನಮ್ಮನ್ನು ಕಳವಳಗೊಳಿಸುವ ಯುದ್ಧವೃತ್ತಾಂತವೊಂದರ ಕೊನೆಯಲ್ಲಿ, ಕೊಂದವರು ಏಳು ದಿನ ಪಾಳೆಯದ ಹೊರಗಿದ್ದು ಶುದ್ಧೀಕರಿಸಿಕೊಳ್ಳಬೇಕೆಂಬ ವಿಧಿಯಿದೆ. 4ನೆಯ ಶತಮಾನದಲ್ಲಿ ಕೈಸರೈಯದ ಬಿಷಪ್ ಬೆಸಿಲನು ಯುದ್ಧದಲ್ಲಿ ಕೊಂದದ್ದನ್ನು ಕೊಲೆಯೆಂದು ಎಣಿಸದಿದ್ದರೂ, ಅಂಥವರು ಮೂರು ವರ್ಷ ಪ್ರಭುಭೋಜನದಿಂದ ದೂರವಿರುವುದು ಒಳ್ಳೆಯದೆಂದು ಸಲಹೆಯಿತ್ತನು. 1066ರ ಹೇಸ್ಟಿಂಗ್ಸ್ ಕಾಳಗದಲ್ಲಿ ಗೆದ್ದ ನಾರ್ಮನ್ ಯೋಧರಿಗೂ ಅವರ ಬಿಷಪರು ಪ್ರಾಯಶ್ಚಿತ್ತವನ್ನು ವಿಧಿಸಿದರು. ಈ ವಿಧಿಗಳನ್ನು ಹಾಗೆಯೇ ಮರಳಿ ತರಬೇಕೆಂಬುದು ಇಲ್ಲಿನ ವಾದವಲ್ಲ. ಗೆದ್ದವನಿಗೂ, ಕಾನೂನಿನ ಕಣ್ಣಿನಲ್ಲಿ ನಿರ್ದೋಷಿಯಾದವನಿಗೂ ಮನೆಗೆ ಮರಳಲು ಒಂದು ದಾರಿ ಬೇಕೆಂಬ ತಿಳಿವಳಿಕೆ ಅವುಗಳಲ್ಲಿದೆ. ನ್ಯಾಯಾಲಯವು ಆ ದಾರಿಯ ಒಂದು ಭಾಗವನ್ನಷ್ಟೇ ನಿರ್ಮಿಸಬಲ್ಲದು.

ಆಕ್ಷೇಪಣೆಗಳು

ಈ ವ್ಯವಸ್ಥೆಗೆ ಗಂಭೀರವಾದ ಆಕ್ಷೇಪಣೆಗಳಿವೆ. ಬಡತನದಿಂದಲೋ ಬಾಲ್ಯದ ಹಿಂಸೆಯಿಂದಲೋ ಜರ್ಜರಿತನಾದವನಿಗೆ ಇಲ್ಲದ ಅವಕಾಶ ಸೈನಿಕನಿಗೇಕೆ ಎಂಬುದು ಒಂದು. ರಾಜ್ಯವೇ ಅವನನ್ನು ಯುದ್ಧಕ್ಕೆ ಕಳುಹಿಸಿದ್ದರಿಂದ ಅದಕ್ಕೆ ವಿಶೇಷ ಹೊಣೆಯಿದೆ ಎಂಬ ಉತ್ತರದಲ್ಲಿ ಸತ್ಯವಿದೆ. ಆದರೆ ಅದು ಉಳಿದವರ ವಿಷಯದಲ್ಲಿ ನಮ್ಮನ್ನು ನಿಶ್ಚಿಂತರನ್ನಾಗಿ ಮಾಡಬಾರದು. ಎರಡನೆಯದಾಗಿ, ಸೆರೆಮನೆಯ ಭಯದಲ್ಲಿ ನೀಡಿದ ಸಮ್ಮತಿ ಎಷ್ಟರಮಟ್ಟಿಗೆ ಸ್ವತಂತ್ರ? ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ಮನೆಯೊಳಗಿನ ಹಿಂಸೆಯ ಪ್ರಕರಣಗಳನ್ನು ಇಲ್ಲಿ ಸ್ವೀಕರಿಸಿದರೆ, ಪೆಟ್ಟು ತಿಂದ ಹೆಂಡತಿಯ ಸುರಕ್ಷೆ ಏನಾಗಬೇಕು? ಗಂಡನ ಗಾಯದ ಕಥೆಯಲ್ಲಿ ಹೆಂಡತಿಯ ಗಾಯ ಮರೆಯಾದರೆ ಅದು ಕೃಪೆಯಲ್ಲ. ಕೆಲವು ನ್ಯಾಯಾಲಯಗಳು ಇಂಥ ಪ್ರಕರಣಗಳನ್ನು ಹೊರಗಿಡುತ್ತವೆ, ಕೆಲವು ಕಟ್ಟುನಿಟ್ಟಿನ ರಕ್ಷಣಾ ಆದೇಶಗಳೊಂದಿಗೆ ಸ್ವೀಕರಿಸುತ್ತವೆ. ಕ್ಷಮಿಸು ಎಂದು ನೊಂದವಳಿಗೆ ಅವಸರದಲ್ಲಿ ಬುದ್ಧಿಹೇಳುವ ಪಾಲಕರಿಗೂ ಇದರಲ್ಲಿ ಎಚ್ಚರಿಕೆಯಿದೆ.

ನಮ್ಮ ಸೇವೆಗೆ

ಭಾರತದ ಕಾನೂನಿನಲ್ಲಿ ಸೈನಿಕರಿಗಾಗಿ ಇಂಥ ಪ್ರತ್ಯೇಕ ನ್ಯಾಯಾಲಯವಿಲ್ಲ. ಆದರೂ ಅದರ ಬೀಜರೂಪದ ತತ್ವ ನಮಗೆ ಅಪರಿಚಿತವಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯು ತಕ್ಕ ಪ್ರಕರಣಗಳಲ್ಲಿ ಸೆರೆಗೆ ಬದಲಾಗಿ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಎಡೆಮಾಡಿದೆ. 1985ರ ಮಾದಕವಸ್ತುಗಳ ಕಾಯಿದೆಯ 64ಎ ಕಲಮು, ಅಲ್ಪ ಪ್ರಮಾಣದ ಮಾದಕವಸ್ತುವಿನ ಆರೋಪ ಹೊತ್ತ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಮುಂದಾದರೆ ಅಭಿಯೋಜನೆಯಿಂದ ರಕ್ಷಣೆ ನೀಡುತ್ತದೆ. ಸೆರೆಮನೆ ಸೇವೆಯಲ್ಲಿರುವವರು ಇವನ್ನು ತಿಳಿದಿರಬೇಕು.

ಕೊಡಗು, ಬೆಳಗಾವಿಗಳಂಥ ಜಿಲ್ಲೆಗಳಲ್ಲಿ ನಿವೃತ್ತ ಸೈನಿಕರ ಮನೆಗಳು ವಿರಳವಲ್ಲ. ಪಾಲಕನು ಅಂಥ ಮನೆಗೆ ಹೋದಾಗ ಯುದ್ಧದ ಸಾಹಸವನ್ನು ಕೆದಕದೆ, ಹೇಳುವ ಮನಸ್ಸಾದಾಗ ಕೇಳುವಷ್ಟು ತಾಳ್ಮೆಯಿಂದ ಕುಳಿತುಕೊಳ್ಳಲಿ. ರೋಗದ ಲಕ್ಷಣ ಕಂಡರೆ ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯಲಿ. ಸಭೆಯಲ್ಲಿಯೇ ಇರುವ ಇನ್ನೊಬ್ಬ ಹಿರಿಯ ಸೈನಿಕನನ್ನು ಜೊತೆಗೂಡಿಸಲಿ. ಮೊಕದ್ದಮೆಯಿದ್ದರೆ ನ್ಯಾಯಾಲಯದ ದಿನ ಅವನ ಪಕ್ಕದಲ್ಲಿ ನಿಲ್ಲಲಿ, ನೊಂದವರ ಮನೆಗೂ ಹೋಗಲಿ.

ಲೂಕನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿ ಸೈನಿಕರು ಸ್ನಾನಿಕನಾದ ಯೋಹಾನನ ಬಳಿಗೆ ಬಂದು, ತಾವು ಮಾಡಬೇಕಾದದ್ದೇನೆಂದು ಕೇಳುತ್ತಾರೆ. ಅವನು ಅವರನ್ನು ಓಡಿಸಲಿಲ್ಲ, ಹೊಗಳಲೂ ಇಲ್ಲ. ಅವರ ವೃತ್ತಿಯ ನಿರ್ದಿಷ್ಟ ಪಾಪಗಳನ್ನು ಹೆಸರಿಸಿ ನಡೆಯಬೇಕಾದ ದಾರಿಯನ್ನು ತೋರಿಸಿದನು. ಅದೇ ಪ್ರಶ್ನೆಯನ್ನು ಹೊತ್ತು ನಮ್ಮ ಬಾಗಿಲಿಗೆ ಬರುವವನಿಗೆ ಅಷ್ಟೇ ನೇರವಾದ ಉತ್ತರವನ್ನೂ, ಆ ದಾರಿಯಲ್ಲಿ ಜೊತೆ ನಡೆಯುವ ಒಬ್ಬನನ್ನೂ ಕೊಡುವುದು ಸಭೆಯ ಕರ್ತವ್ಯ.