ಹೆಣಿಗೆಯ ಕೈಗೆ ಕದಿರು

ಅಂಗಡಿಯ ಉಣ್ಣೆಯ ಉಂಡೆಯಿಂದ ಸ್ವೆಟರು ಹೆಣೆದು ಪಳಗಿದ ಗೃಹಿಣಿಗೂ ಕದಿರು ಹಿಡಿದೊಡನೆ ಹೊಸದಾಗಿ ಅಕ್ಷರಾಭ್ಯಾಸವಾಗಬೇಕು. ಹೆಣೆಯುವಾಗ ನೂಲು ಸಿದ್ಧವಾಗಿರುತ್ತದೆ. ನೂಲುವಾಗ ಅದು ಬೆರಳ ತುದಿಯಲ್ಲಿಯೇ ಹುಟ್ಟಬೇಕು.

ಎಲ್ಲ ಉಣ್ಣೆಯೂ ಎಲ್ಲಕ್ಕೂ ಒದಗದು. ದಖ್ಖನಿ ಕುರಿಯ ಒರಟು ಉಣ್ಣೆ ಚಿತ್ರದುರ್ಗ ಸೀಮೆಯ ಕಂಬಳಿಗೆ ತಕ್ಕುದು. ಮಗುವಿನ ಕುಲಾವಿಗೆ ಮೆರಿನೊ ಕುರಿಯ ಮೃದುವಾದ ಉಣ್ಣೆಯೇ ಲೇಸು.

ಉಣ್ಣೆಯನ್ನು ಹಿಂಜಿ, ಬಾಚಿ, ತುಸುತುಸುವೇ ಎಳೆಯುತ್ತ ಕದಿರನ್ನು ತಿರುಗಿಸಿದರೆ ಎಳೆಗೆ ಹುರಿಯೇರುತ್ತದೆ. ಈ ಹುರಿಯೇ ನೂಲಿನ ಪ್ರಾಣ. ಕಡಿಮೆಯಾದರೆ ಎಳೆ ಬಿಚ್ಚಿ ಕದಿರು ನೆಲಕ್ಕೆ ಬೀಳುತ್ತದೆ. ಹೆಚ್ಚಾದರೆ ನೂಲು ತನಗೆ ತಾನೇ ಸುತ್ತಿಕೊಳ್ಳುತ್ತದೆ. ಒಂಟಿ ಎಳೆಯಿಂದ ಹೆಣೆದ ಉಡುಪು ಒಂದು ಪಕ್ಕಕ್ಕೆ ವಾಲುವುದೂ ಉಂಟು. ಆದುದರಿಂದಲೇ ಬಲಕ್ಕೆ ತಿರುಗಿಸಿ ನೂತ ಎರಡು ಎಳೆಗಳನ್ನು ಜೊತೆಗೂಡಿಸಿ, ಎಡಕ್ಕೆ ತಿರುಗಿಸಿ ಹೊಸೆಯುತ್ತಾರೆ. ಒಂದು ಹುರಿಯ ಸೆಳೆತವನ್ನು ಇನ್ನೊಂದು ಸರಿದೂಗಿಸುತ್ತದೆ. ಬಳಿಕ ಲಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಯಿಸಿ ಒಣಗಿಸಿದರೆ ಹುರಿ ನೆಲೆಗೊಳ್ಳುತ್ತದೆ.

ಮೊದಲ ನೂಲು ಗಂಟುಗಂಟಾಗಿಯೇ ಬರುತ್ತದೆ, ಎದೆಗುಂದಬೇಕಾಗಿಲ್ಲ. ಅದು ಕಲಿಸುವ ಪಾಠ ದೊಡ್ಡದು. ಸ್ವೆಟರಿನ ಮೊಣಕೈ ಬೇಗನೆ ಗುಂಜೆದ್ದು ಸವೆದರೆ ಎಷ್ಟೋ ವೇಳೆ ದೋಷ ಹೆಣೆದವಳದಲ್ಲ, ಸಡಿಲವಾದ ಹುರಿಯದು. ಒಮ್ಮೆ ನೂತು ನೋಡಿದವಳು ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗುವ ಮುನ್ನ ಹುರಿಯನ್ನು ಬಿಚ್ಚಿ ನೋಡುತ್ತಾಳೆ.